ಭಾಷೆಗಳ ಬಾಂಧವ್ಯ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳು ಕಬ್ಬಿನ ಬೆಳೆಗೆ ಹೆಸರಾದ ಪ್ರದೇಶ. ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯು ಈ ಬಯಲಿಗೆ ನೀರನ್ನು ತಂದಿತು. ೧೯೩೩ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿಯು ಮಂಡ್ಯದಲ್ಲಿ ಕಾರ್ಖಾನೆಯನ್ನು ಕಟ್ಟಿತು. ಮಂಡ್ಯವನ್ನು ಸಕ್ಕರೆಯ ನಾಡೆಂದು ಕರೆಯುವುದು ವಾಡಿಕೆಯಾಯಿತು. ಈ ನಾಡಿನ ಮಕ್ಕಳಿಗೆ ಚಿರಪರಿಚಿತವಾದ ‘ಸಕ್ಕರೆ’ ಎಂಬ ಪದದಿಂದಲೇ ನಮ್ಮ ವಿಷಯವನ್ನು ಆರಂಭಿಸೋಣ.

ಸಂಸ್ಕೃತದಲ್ಲಿ ‘ಶರ್ಕರಾ’ ಎಂದರೆ ಮರಳು, ಹರಳು ಎಂದು ಅರ್ಥ. ಕಬ್ಬಿನ ರಸವನ್ನು ಕಾಯಿಸಿ ಹರಳುಗಟ್ಟಿಸಿದ ಪದಾರ್ಥಕ್ಕೂ ಅದೇ ಹೆಸರಾಯಿತು. ಪ್ರಾಕೃತದಲ್ಲಿ ಅದು ‘ಸಕ್ಕರಾ’ ಎಂದಾಗಿ ಕನ್ನಡಕ್ಕೆ ‘ಸಕ್ಕರೆ’ ಎಂದು ಬಂದಿತು. ಪಶ್ಚಿಮದ ಕಡೆಗೆ ಹೊರಟ ಅದೇ ಪದ ಪಾರಸಿಯಲ್ಲಿ ‘ಶಕರ್’ ಎಂದೂ ಅರಬ್ಬಿಯಲ್ಲಿ ‘ಸುಕ್ಕರ್’ ಎಂದೂ ಮಾರ್ಪಟ್ಟಿತು. ಅರಬ್ಬಿಯಿಂದ ಅದು ಯುರೋಪನ್ನು ಸೇರಿ, ಇಟಾಲಿಯನ್ ಭಾಷೆಯಲ್ಲಿ ‘ತ್ಸುಕ್ಕೆರೊ’, ಸ್ಪ್ಯಾನಿಷಿನಲ್ಲಿ ‘ಅಸೂಕಾರ್’, ಫ್ರೆಂಚಿನಲ್ಲಿ ‘ಸ್ಯೂಕ್ರ್’, ಜರ್ಮನ್ನಿನಲ್ಲಿ ‘ತ್ಸುಕರ್’, ಇಂಗ್ಲಿಷಿನಲ್ಲಿ ‘ಷುಗರ್’ ಎಂಬ ರೂಪಗಳನ್ನು ತಾಳಿತು.

ಇಷ್ಟೊಂದು ಭಾಷೆಗಳಲ್ಲಿ ಒಂದೇ ಪದ ಇರುವುದರಿಂದ ಇವೆಲ್ಲವೂ ಒಂದೇ ತಾಯಿಯ ಮಕ್ಕಳೆಂದು ಹೇಳಬಹುದೆ? ಹಾಗೆ ಹೇಳಲಾಗದು. ಸರಕು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋದಾಗ ಅದರ ಹೆಸರೂ ಜೊತೆಯಲ್ಲಿ ಹೋಗುತ್ತದೆ. ವ್ಯಾಪಾರ, ಮತಪ್ರಸಾರ, ರಾಜ್ಯಾಡಳಿತ ಮೊದಲಾದ ಕಾರಣಗಳಿಂದ ಪದಗಳು ಸುಲಭವಾಗಿ ಎರವಲಾಗುತ್ತವೆ. ಭಾಷೆಗಳ ನಿಜವಾದ ನಂಟನ್ನು ತಿಳಿಯಬೇಕಾದರೆ ಪದಗಳ ಪಟ್ಟಿಯನ್ನು ದಾಟಿ ವ್ಯಾಕರಣದ ಕಡೆಗೆ ನೋಡಬೇಕು. ಪ್ರತ್ಯಯಗಳು ಹೇಗೆ ಸೇರುತ್ತವೆ, ವಾಕ್ಯ ಹೇಗೆ ರೂಪುಗೊಳ್ಳುತ್ತದೆ, ಧ್ವನಿಗಳು ಯಾವ ನಿಯಮದಂತೆ ಬದಲಾಗಿವೆ ಎಂಬುದನ್ನು ಪರಿಶೀಲಿಸಬೇಕು.

ಈ ಬಗೆಯ ಪರಿಶೀಲನೆ ಬಲಗೊಂಡದ್ದು ಹದಿನೆಂಟನೆಯ ಶತಮಾನದ ಕೊನೆಯಿಂದ ಈಚೆಗೆ. ೧೭೮೬ರಲ್ಲಿ ಸರ್ ವಿಲಿಯಂ ಜೋನ್ಸ್ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಮಾಡಿದ ಭಾಷಣದಲ್ಲಿ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳ ಧಾತುಗಳಲ್ಲಿಯೂ ವ್ಯಾಕರಣರೂಪಗಳಲ್ಲಿಯೂ ಕಾಣುವ ಹೋಲಿಕೆ ಆಕಸ್ಮಿಕವಾಗಿರಲಾರದೆಂದೂ ಅವು ಒಂದೇ ಮೂಲದಿಂದ ಹುಟ್ಟಿರಬೇಕೆಂದೂ ಪ್ರತಿಪಾದಿಸಿದನು. ೧೮೧೬ರಲ್ಲಿ ಫ್ರಾನ್ಸ್ ಬೊಪ್ ಎಂಬ ಜರ್ಮನ್ ವಿದ್ವಾಂಸನು ಸಂಸ್ಕೃತದ ಕ್ರಿಯಾಪದಗಳ ರೂಪಗಳನ್ನು ಗ್ರೀಕ್, ಲ್ಯಾಟಿನ್, ಪಾರಸಿ ಮತ್ತು ಜರ್ಮಾನಿಕ್ ಭಾಷೆಗಳ ರೂಪಗಳೊಂದಿಗೆ ಹೋಲಿಸಿ ಗ್ರಂಥವೊಂದನ್ನು ಪ್ರಕಟಿಸಿದನು. ಹೀಗೆ ಒಂದು ದೊಡ್ಡ ಭಾಷಾವಂಶದ ಕಲ್ಪನೆ ಸ್ಥಿರಪಟ್ಟಿತು. ಅದನ್ನು ಇಂಡೋ-ಯುರೋಪಿಯನ್ ವಂಶವೆಂದು ಕರೆಯುತ್ತಾರೆ. ಸಂಸ್ಕೃತ, ಹಿಂದಿ, ಮರಾಠಿ, ಉರ್ದು ಮೊದಲಾದವು ಈ ವಂಶಕ್ಕೆ ಸೇರಿದವು.

ಯುರೋಪಿನಲ್ಲಿ ಈ ವಂಶಕ್ಕೆ ಹಲವು ಶಾಖೆಗಳುಂಟು. ಅವುಗಳಲ್ಲಿ ಎರಡನ್ನು ಇಲ್ಲಿ ನೋಡೋಣ. ರೋಮನ್ನರ ಭಾಷೆಯಾದ ಲ್ಯಾಟಿನ್ನಿನಿಂದ ಹುಟ್ಟಿದ ಇಟಾಲಿಯನ್, ಸ್ಪ್ಯಾನಿಷ್, ಪೋರ್ಚುಗೀಸ್, ಫ್ರೆಂಚ್, ರುಮೇನಿಯನ್ ಭಾಷೆಗಳಿಗೆ ರೊಮಾನ್ಸ್ ಭಾಷೆಗಳೆಂದು ಹೆಸರು. ಇಂಗ್ಲಿಷ್, ಜರ್ಮನ್, ಡಚ್, ಸ್ವೀಡಿಷ್, ಡೇನಿಷ್ ಮೊದಲಾದವು ಜರ್ಮಾನಿಕ್ ಭಾಷೆಗಳು. ಒಂದೇ ಶಾಖೆಯ ಭಾಷೆಗಳು ಒಡಹುಟ್ಟಿದವರಂತೆ. ಎರಡು ಶಾಖೆಗಳ ಭಾಷೆಗಳು ಪರಸ್ಪರ ದಾಯಾದಿಗಳಂತೆ.

ಈ ಎರಡು ಶಾಖೆಗಳು ಬೇರೆಯಾದುದಕ್ಕೆ ಧ್ವನಿಯೇ ಮೊದಲ ಸಾಕ್ಷಿ. ತಂದೆಗೆ ಲ್ಯಾಟಿನ್ನಿನಲ್ಲಿ ‘ಪಾಟೆರ್’, ಇಂಗ್ಲಿಷಿನಲ್ಲಿ ‘ಫಾದರ್’. ಮೀನಿಗೆ ಲ್ಯಾಟಿನ್ನಿನಲ್ಲಿ ‘ಪಿಸ್ಕಿಸ್’, ಇಂಗ್ಲಿಷಿನಲ್ಲಿ ‘ಫಿಶ್’. ಲ್ಯಾಟಿನ್ನಿನಲ್ಲಿ ಪದದ ಮೊದಲಿಗೆ ‘ಪ’ಕಾರವಿರುವಲ್ಲಿ ಜರ್ಮಾನಿಕ್ ಭಾಷೆಗಳಲ್ಲಿ ‘ಫ’ಕಾರ ಕಾಣುತ್ತದೆ. ಇಂತಹ ಬದಲಾವಣೆಗಳು ನಿಯಮಬದ್ಧವಾದುವೆಂದು ಯಾಕೋಬ್ ಗ್ರಿಮ್ ೧೮೨೨ರಲ್ಲಿ ವಿವರಿಸಿದನು. ರೊಮಾನ್ಸ್ ಭಾಷೆಗಳಲ್ಲಿಯಾದರೋ ಹಳೆಯ ‘ಪ’ಕಾರವೇ ಉಳಿದಿದೆ: ಇಟಾಲಿಯನ್ನಿನಲ್ಲಿ ತಂದೆ ‘ಪಾದ್ರೆ’, ಮೀನು ‘ಪೇಶೆ’.

ಈ ನಿಯಮವನ್ನು ಓದಿದಾಗ ಕನ್ನಡಿಗರಿಗೆ ನಮ್ಮ ಭಾಷೆಯ ನೆನಪಾಗದಿರದು. ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆಗಿದೆ. ‘ಪೂ’ ‘ಹೂ’ ಆಗಿದೆ. ‘ಪತ್ತು’ ‘ಹತ್ತು’ ಆಗಿದೆ. ತಮಿಳು, ತೆಲುಗುಗಳಲ್ಲಿ ಇಂದಿಗೂ ‘ಪ’ಕಾರವೇ ನಿಂತಿದೆ. ಇನ್ನು ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹಳ್ಳಿಗಳಲ್ಲಿ ಬದಲಾವಣೆ ಮತ್ತೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ‘ಹಾಲು’ ‘ಆಲು’ ಆಗುತ್ತದೆ, ‘ಹಸು’ ‘ಅಸ’ ಆಗುತ್ತದೆ, ‘ಹತ್ತು’ ‘ಅತ್ತು’ ಆಗುತ್ತದೆ. ಶಾಲೆಯಲ್ಲಿ ಯಾರಾದರೂ ಹೀಗೆ ಮಾತಾಡಿದರೆ ಸಹಪಾಠಿಗಳು ನಗುವುದುಂಟು. ಅದು ನಾಲಗೆ ಹೊರಳದವರ ತಪ್ಪು ಉಚ್ಚಾರಣೆಯೆಂದು ತಿಳಿದವರೂ ಉಂಟು. ಆದರೆ ಲ್ಯಾಟಿನ್ನಿನ ‘ಹ’ಕಾರವೂ ಹೀಗೆಯೇ ಲೋಪವಾಯಿತು. ಮನುಷ್ಯ ಎಂಬ ಅರ್ಥದ ಲ್ಯಾಟಿನ್ ಪದ ‘ಹೋಮೊ’. ಇಟಾಲಿಯನ್ನರು ಇಂದು ಅದನ್ನು ‘ಉಓಮೊ’ ಎನ್ನುತ್ತಾರೆ. ಫ್ರೆಂಚರು ಅದೇ ಪದವನ್ನು ‘ಹ’ಕಾರದ ಅಕ್ಷರವನ್ನಿಟ್ಟು ಬರೆದರೂ ‘ಓಮ್’ ಎಂದು ಉಚ್ಚರಿಸುತ್ತಾರೆ. ಅವರನ್ನು ಯಾರೂ ಅಶುದ್ಧ ಭಾಷಿಗರೆಂದು ಹಳಿಯುವುದಿಲ್ಲ. ಬರವಣಿಗೆಯಲ್ಲಿ ನಾವು ‘ಹಾಲು’ ಎಂದೇ ಬರೆಯಬೇಕು. ಆದರೆ ‘ಆಲು’ ಎನ್ನುವ ರೈತನ ಮಾತಿನಲ್ಲಿಯೂ ಭಾಷಾನಿಯಮವೊಂದು ಕೆಲಸಮಾಡುತ್ತಿದೆ ಎಂಬುದನ್ನು ಮರೆಯಬಾರದು.

ಈಗ ಪದರಚನೆ ಮತ್ತು ವಾಕ್ಯರಚನೆಗಳಿಗೆ ಬರೋಣ. ಕಬ್ಬಿಗೆ ಇಂಗ್ಲಿಷಿನಲ್ಲಿ ‘ಷುಗರ್‌ಕೇನ್’ ಎಂದೂ ಜರ್ಮನ್ನಿನಲ್ಲಿ ‘ತ್ಸುಕರ್‌ರೋರ್’ ಎಂದೂ ಹೆಸರು. ಎರಡರಲ್ಲಿಯೂ ಸಕ್ಕರೆ ಮೊದಲು, ಜಲ್ಲೆ ಆಮೇಲೆ. ಫ್ರೆಂಚಿನಲ್ಲಿ ‘ಕಾನ್ ಆ ಸ್ಯೂಕ್ರ್’, ಸ್ಪ್ಯಾನಿಷಿನಲ್ಲಿ ‘ಕಾನ್ಯಾ ದೆ ಅಸೂಕಾರ್’. ಇಲ್ಲಿ ಜಲ್ಲೆ ಮೊದಲು, ಸಕ್ಕರೆ ಆಮೇಲೆ. ನಡುವೆ ಸಂಬಂಧವನ್ನು ತಿಳಿಸುವ ಒಂದು ಚಿಕ್ಕ ಪದ. ಜರ್ಮಾನಿಕ್ ಭಾಷೆಗಳು ಎರಡು ನಾಮಪದಗಳನ್ನು ನೇರವಾಗಿ ಬೆಸೆದು ಸಮಾಸಮಾಡುತ್ತವೆ. ರೊಮಾನ್ಸ್ ಭಾಷೆಗಳು ಸಾಮಾನ್ಯವಾಗಿ ಅವುಗಳನ್ನು ಬಿಡಿಸಿ ಹೇಳುತ್ತವೆ. ವಿಶೇಷಣದ ಸ್ಥಾನವೂ ಹೀಗೆಯೇ. ಇಂಗ್ಲಿಷ್, ಜರ್ಮನ್ ಭಾಷೆಗಳಲ್ಲಿ ವಿಶೇಷಣವು ನಾಮಪದಕ್ಕೆ ಮೊದಲು ಬರುತ್ತದೆ. ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್ ಭಾಷೆಗಳಲ್ಲಿ ಬಹುಮಟ್ಟಿಗೆ ನಾಮಪದದ ಅನಂತರ ಬರುತ್ತದೆ. ಕನ್ನಡದಲ್ಲಿ ‘ಸಕ್ಕರೆ ಕಾರ್ಖಾನೆ’, ‘ಕೆಂಪು ಹೂ’ ಎನ್ನುವಾಗ ವಿವರಿಸುವ ಪದವೇ ಮೊದಲು.

ತಾರತಮ್ಯವನ್ನು ಹೇಳುವ ಬಗೆಯಲ್ಲಿಯೂ ಭೇದವುಂಟು. ಸಿಹಿ ಎಂಬುದಕ್ಕೆ ಇಂಗ್ಲಿಷಿನಲ್ಲಿ ‘ಸ್ವೀಟ್’. ಹೆಚ್ಚು ಸಿಹಿ ಎಂಬುದಕ್ಕೆ ‘ಸ್ವೀಟರ್’. ಜರ್ಮನ್ನಿನಲ್ಲಿಯೂ ವಿಶೇಷಣಕ್ಕೆ ಇಂತಹುದೇ ಪ್ರತ್ಯಯ ಸೇರುತ್ತದೆ. ಸ್ಪ್ಯಾನಿಷಿನಲ್ಲಿ ಪ್ರತ್ಯಯದ ಬದಲು ‘ಹೆಚ್ಚು’ ಎಂಬ ಅರ್ಥದ ಪ್ರತ್ಯೇಕ ಪದವನ್ನಿಟ್ಟು ‘ಮಾಸ್ ದುಲ್ಸೆ’ ಎನ್ನುತ್ತಾರೆ. ಕನ್ನಡದ ದಾರಿ ಈ ಎರಡಕ್ಕಿಂತಲೂ ಬೇರೆ. ‘ಬೆಲ್ಲಕ್ಕಿಂತ ಸಕ್ಕರೆ ಸಿಹಿ’ ಎನ್ನುವಾಗ ‘ಸಿಹಿ’ ಎಂಬ ಪದದಲ್ಲಿ ಯಾವ ಬದಲಾವಣೆಯೂ ಇಲ್ಲ. ಯಾವುದರೊಡನೆ ಹೋಲಿಸುತ್ತೇವೆಯೋ ಆ ಪದಕ್ಕೆ ಪ್ರತ್ಯಯ ಸೇರುತ್ತದೆ.

ಲಿಂಗವಿಚಾರದಲ್ಲಿ ಅಂತರ ಇನ್ನೂ ಸ್ಪಷ್ಟವಾಗಿದೆ. ಮೇಜು ಜರ್ಮನ್ನಿನಲ್ಲಿ ಪುಲ್ಲಿಂಗ, ಫ್ರೆಂಚಿನಲ್ಲಿ ಸ್ತ್ರೀಲಿಂಗ. ಸೂರ್ಯನು ಫ್ರೆಂಚರಿಗೆ ಪುಲ್ಲಿಂಗ, ಜರ್ಮನರಿಗೆ ಸ್ತ್ರೀಲಿಂಗ. ಚಂದ್ರನ ವಿಷಯದಲ್ಲಿ ಇದಕ್ಕೆ ವಿಪರ್ಯಯ. ರೊಮಾನ್ಸ್ ಭಾಷೆಗಳಲ್ಲಿ ಬಹುಪಾಲು ಎರಡೇ ಲಿಂಗಗಳು, ಜರ್ಮನ್ನಿನಲ್ಲಿ ಮೂರು. ಹುಡುಗಿ ಎಂಬ ಅರ್ಥದ ‘ಮೇಡ್ಷೆನ್’ ಎಂಬ ಜರ್ಮನ್ ಪದ ನಪುಂಸಕಲಿಂಗದ್ದು! ಸಂಸ್ಕೃತದಲ್ಲಿಯೂ ಇಂತಹ ಸಂಗತಿ ಕಾಣುತ್ತದೆ. ಹೆಂಡತಿ ಎಂಬ ಅರ್ಥದ ‘ಭಾರ್ಯಾ’ ಸ್ತ್ರೀಲಿಂಗ, ‘ದಾರ’ ಪುಲ್ಲಿಂಗ, ‘ಕಲತ್ರ’ ನಪುಂಸಕಲಿಂಗ. ಈ ಭಾಷೆಗಳಲ್ಲಿ ಲಿಂಗವು ಪದಕ್ಕೆ ಅಂಟಿಕೊಂಡಿದೆ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಹೆಂಗಸನ್ನು ಯಾವ ಪದದಿಂದ ಕರೆದರೂ ‘ಬಂದಳು’ ಎನ್ನುತ್ತೇವೆ. ಮೇಜು, ಮರ, ಎತ್ತು ಇವೆಲ್ಲಕ್ಕೂ ‘ಬಂದಿತು’, ‘ಬಿದ್ದಿತು’ ಎನ್ನುತ್ತೇವೆ.

ಕ್ರಿಯಾಪದದಲ್ಲಿ ಕನ್ನಡಕ್ಕೂ ರೊಮಾನ್ಸ್ ಭಾಷೆಗಳಿಗೂ ಒಂದು ಹೋಲಿಕೆ ಕಾಣುತ್ತದೆ. ಇಟಾಲಿಯನ್ನಿನಲ್ಲಿ ‘ಕಾಂತೊ’ ಎಂದರೆ ಹಾಡುತ್ತೇನೆ, ‘ಕಾಂತಿ’ ಎಂದರೆ ಹಾಡುತ್ತೀಯೆ. ಕ್ರಿಯಾಪದದ ಕೊನೆಯೇ ಹಾಡುವವರು ಯಾರೆಂಬುದನ್ನು ತಿಳಿಸುವುದರಿಂದ ‘ನಾನು’, ‘ನೀನು’ ಎಂಬ ಪದಗಳನ್ನು ಬಿಡಬಹುದು. ಇಂಗ್ಲಿಷಿನಲ್ಲಿ ‘ಸಿಂಗ್’ ಎಂಬ ಒಂದೇ ರೂಪ ನಾನು, ನೀನು, ನಾವು, ಅವರು ಎಲ್ಲಕ್ಕೂ ಬರುವುದರಿಂದ ಸರ್ವನಾಮವನ್ನು ಬಿಡುವಂತಿಲ್ಲ. ಮಂಡ್ಯದ ಆಡುಮಾತಿನಲ್ಲಿ ‘ಬತ್ತಾವ್ನೆ’, ‘ಬತ್ತಾವ್ಳೆ’, ‘ಬತ್ತಾವ್ರೆ’ ಎಂಬ ರೂಪಗಳಿವೆ. ಶಿಷ್ಟಭಾಷೆಯ ರೂಪಗಳಿಗಿಂತ ಬೇರೆಯಾಗಿದ್ದರೂ ಅವು ಪುರುಷ, ಲಿಂಗ, ವಚನಗಳನ್ನು ತಪ್ಪಿಲ್ಲದೆ ತಿಳಿಸುತ್ತವೆ. ವ್ಯಾಕರಣವು ಪುಸ್ತಕದಲ್ಲಿ ಮಾತ್ರ ಇರುವುದಲ್ಲ. ಓದುಬರಹವಿಲ್ಲದವರ ಮಾತಿನಲ್ಲಿಯೂ ಅದು ಪೂರ್ಣವಾಗಿಯೇ ಇರುತ್ತದೆ. ಆದರೆ ಇಟಾಲಿಯನ್ನಿಗೂ ಕನ್ನಡಕ್ಕೂ ಇರುವ ಈ ಒಂದು ಹೋಲಿಕೆಯಿಂದ ಅವೆರಡು ನೆಂಟರೆಂದು ಹೇಳಬಾರದು. ರಚನೆಯ ಬಗೆ ಒಂದೇ ಆದರೂ ಪ್ರತ್ಯಯಗಳು ಒಂದೇ ಮೂಲದವಲ್ಲ. ನಂಟು ಇದೆ ಎನ್ನಲು ಹಲವು ಅಂಶಗಳು ಒಟ್ಟಾಗಿ, ನಿಯಮಬದ್ಧವಾಗಿ ಹೊಂದಿಕೆಯಾಗಬೇಕು.

ಇಂಗ್ಲಿಷಿನ ಚರಿತ್ರೆ ಈ ವಿಷಯದಲ್ಲಿ ಬಹಳ ಬೋಧಪ್ರದವಾದುದು. ೧೦೬೬ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದವರು ಇಂಗ್ಲೆಂಡನ್ನು ಗೆದ್ದರು. ಅರಮನೆಯಲ್ಲಿಯೂ ನ್ಯಾಯಸ್ಥಾನದಲ್ಲಿಯೂ ಬಹುಕಾಲ ಫ್ರೆಂಚ್ ಭಾಷೆ ಮೆರೆಯಿತು. ಸಾವಿರಾರು ಫ್ರೆಂಚ್ ಪದಗಳು ಇಂಗ್ಲಿಷಿನಲ್ಲಿ ಬೆರೆತವು. ಇಂದು ಇಂಗ್ಲಿಷ್ ನಿಘಂಟಿನ ಅರ್ಧಕ್ಕಿಂತ ಹೆಚ್ಚು ಪದಗಳು ಫ್ರೆಂಚ್ ಮತ್ತು ಲ್ಯಾಟಿನ್ ಮೂಲದವು. ಆದರೂ ಇಂಗ್ಲಿಷ್ ರೊಮಾನ್ಸ್ ಭಾಷೆಯಲ್ಲ. ಅದರ ಸರ್ವನಾಮಗಳು, ಸಂಖ್ಯಾವಾಚಕಗಳು, ‘ಸಿಂಗ್, ಸ್ಯಾಂಗ್, ಸಂಗ್’ ಎಂದು ಒಳಸ್ವರ ಬದಲಾಗುವ ಕ್ರಿಯಾಪದಗಳು ಇವೆಲ್ಲ ಜರ್ಮಾನಿಕ್ ಭಾಷೆಯವು.

ಕನ್ನಡದ ಸ್ಥಿತಿಯೂ ಇದಕ್ಕೆ ಸಮಾನವಾದುದು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಶಾಸನವೊಂದು ಪ್ರಸಿದ್ಧವಾಗಿದೆ. ಕ್ರಿ.ಶ. ೯೪೯-೫೦ರ ಕಾಲದ ಈ ಶಿಲೆ ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯ ನೆನಪಿಗೆ ನಿಂತಿತು. ರಾಷ್ಟ್ರಕೂಟರ ಮೂರನೆಯ ಕೃಷ್ಣ, ಗಂಗರ ಬೂತುಗ ಇವರ ವಿಷಯವನ್ನೂ ಅದು ತಿಳಿಸುತ್ತದೆ. ಅರಸರ ಬಿರುದುಬಾವಲಿಗಳನ್ನು ಹೇಳುವಲ್ಲಿ ಸಂಸ್ಕೃತ ಪದಗಳು ಧಾರಾಳವಾಗಿ ಬಂದರೂ ಶಾಸನದ ಭಾಷೆ ಕನ್ನಡವೇ. ಪದಗಳನ್ನು ವಾಕ್ಯವಾಗಿ ಹಿಡಿದು ನಿಲ್ಲಿಸಿರುವ ಪ್ರತ್ಯಯಗಳೂ ಕ್ರಿಯಾಪದಗಳೂ ಕನ್ನಡದವು. ಸಾವಿರ ವರ್ಷಗಳ ಅನಂತರವೂ ಈ ಕ್ರಮ ಬದಲಾಗಿಲ್ಲ. ‘ಅವನು ಮದ್ದೂರಿನ ಸ್ಟೇಷನ್ನಿನಲ್ಲಿ ಟಿಕೆಟ್ಟನ್ನು ಕೊಂಡು ರೈಲಿಗೆ ಹತ್ತಿದನು’ ಎಂಬ ವಾಕ್ಯದಲ್ಲಿ ಮೂರು ಇಂಗ್ಲಿಷ್ ಪದಗಳಿವೆ. ಆ ಮೂರೂ ಇಂಗ್ಲಿಷಿಗೆ ಫ್ರೆಂಚಿನಿಂದ ಬಂದವು. ಆದರೆ ವಿಭಕ್ತಿಗಳು ಕನ್ನಡದವು, ವಾಕ್ಯವೂ ಕನ್ನಡದ್ದು. ‘ಮಳವಳ್ಳಿಯ ಕೋರ್ಟಿಗೆ’ ಎನ್ನುವಾಗಲೂ ಹೀಗೆಯೇ. ಇಂಗ್ಲಿಷರೂ ಫ್ರೆಂಚರೂ ‘ಕೋರ್ಟು’ ಎಂಬ ಪದಕ್ಕೆ ಮೊದಲು ಅವ್ಯಯವನ್ನಿಡುತ್ತಾರೆ. ನಾವು ಪದದ ಕೊನೆಗೆ ಪ್ರತ್ಯಯವನ್ನು ಸೇರಿಸುತ್ತೇವೆ.

ಸಂಸ್ಕೃತ ವ್ಯಾಕರಣದಲ್ಲಿ ಏಕವಚನ, ದ್ವಿವಚನ, ಬಹುವಚನಗಳಿವೆ; ಕನ್ನಡದಲ್ಲಿ ದ್ವಿವಚನವಿಲ್ಲ. ‘ಬಂದ ಹುಡುಗ’ ಎಂದು ನಾವು ಎರಡು ಪದಗಳಲ್ಲಿ ಹೇಳುವುದನ್ನು ಇಂಗ್ಲಿಷ್, ಫ್ರೆಂಚ್ ಭಾಷೆಗಳು ‘ಯಾವನು ಬಂದನೋ ಆ ಹುಡುಗ’ ಎಂಬ ಬಗೆಯ ವಾಕ್ಯದಿಂದ ಹೇಳುತ್ತವೆ. ಹಿಂದಿಯಲ್ಲಿಯೂ ಅದೇ ವಾಡಿಕೆ ಹೆಚ್ಚು. ‘ಅರಿಯೆ’ ಎಂಬ ಒಂದೇ ಪದದಲ್ಲಿ ‘ನಾನು ತಿಳಿದಿಲ್ಲ’ ಎಂಬ ಅರ್ಥ ಅಡಗಿದೆ. ನಿಷೇಧವನ್ನು ಕ್ರಿಯಾಪದದ ಒಳಗೇ ಹೇಳುವ ಈ ಶಕ್ತಿ ದ್ರಾವಿಡ ಭಾಷೆಗಳ ಲಕ್ಷಣ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ರಚಿಸುವಾಗ ಸಂಸ್ಕೃತ ವ್ಯಾಕರಣದ ಚೌಕಟ್ಟನ್ನು ಬಳಸಿಕೊಂಡರೂ ಕನ್ನಡಕ್ಕೆ ಅಸಾಧಾರಣವಾದ ಲಕ್ಷಣಗಳನ್ನು ಗುರುತಿಸಲು ಮರೆಯಲಿಲ್ಲ.

ಸಂಸ್ಕೃತ ಪದಗಳ ಹೇರಳವಾದ ಬಳಕೆಯನ್ನು ಕಂಡು, ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವೆಂದು ಒಂದು ಕಾಲದಲ್ಲಿ ಅನೇಕರು ನಂಬಿದ್ದರು. ಬೊಪ್ಪನ ಗ್ರಂಥ ಪ್ರಕಟವಾದ ೧೮೧೬ರಲ್ಲಿಯೇ ಮದರಾಸಿನ ಎಫ್. ಡಬ್ಲ್ಯು. ಎಲ್ಲಿಸ್ ಎಂಬ ಅಧಿಕಾರಿ, ತಮಿಳು, ತೆಲುಗು, ಕನ್ನಡಗಳು ಸಂಸ್ಕೃತಜನ್ಯವಲ್ಲವೆಂದೂ ಅವುಗಳದು ಪ್ರತ್ಯೇಕ ವಂಶವೆಂದೂ ತೋರಿಸಿದನು. ೧೮೫೬ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿ ಈ ಅಭಿಪ್ರಾಯವನ್ನು ದೃಢಪಡಿಸಿದನು. ಮಂಡ್ಯದ ಪರಿಸರದಲ್ಲಿಯೇ ಇದಕ್ಕೆ ನಿದರ್ಶನಗಳುಂಟು. ‘ಸಕ್ಕರೆ’ ಎರವಲು ಪದವಾದರೂ ‘ಕಬ್ಬು’, ‘ಬೆಲ್ಲ’, ‘ಆಲೆ’ ಎಂಬುವು ದ್ರಾವಿಡ ಪದಗಳು. ತಮಿಳಿನಲ್ಲಿ ಅವು ‘ಕರುಂಬು’, ‘ವೆಲ್ಲಂ’, ‘ಆಲೈ’. ತಮಿಳಿನ ‘ವ’ಕಾರಕ್ಕೆ ಕನ್ನಡದಲ್ಲಿ ‘ಬ’ಕಾರ ಬರುವುದೂ ಒಂದು ನಿಯಮ: ‘ವಿಲ್’ ಎಂಬುದು ‘ಬಿಲ್ಲು’, ‘ವೇರ್’ ಎಂಬುದು ‘ಬೇರು’. ಕನ್ನಡ ಭಾಷೆಯ ಚರಿತ್ರೆಯನ್ನು ಶಾಸನಗಳ ಆಧಾರದಿಂದ ಶೋಧಿಸಿದವರಲ್ಲಿ ಒಬ್ಬರಾದ ಆರ್. ನರಸಿಂಹಾಚಾರ್ಯರು ೧೮೬೦ರಲ್ಲಿ ಶ್ರೀರಂಗಪಟ್ಟಣದ ಸಮೀಪದ ಮಂಡ್ಯಂ ಕೊಪ್ಪಲಿನಲ್ಲಿ ಜನಿಸಿದವರೆಂಬುದು ಈ ಜಿಲ್ಲೆಗೆ ಅಭಿಮಾನದ ಸಂಗತಿ.

ವ್ಯಾಕರಣವು ಎಂದಿಗೂ ನೆರೆಯ ಪ್ರಭಾವಕ್ಕೆ ಒಳಗಾಗುವುದಿಲ್ಲವೆಂದು ಭಾವಿಸಬಾರದು. ಬೇರೆ ಬೇರೆ ಭಾಷೆಯವರು ತಲೆಮಾರುಗಳವರೆಗೆ ಒಂದೇ ಊರಿನಲ್ಲಿ ಬಾಳಿದಾಗ ವಾಕ್ಯರಚನೆಯೂ ಬದಲಾಗುವುದುಂಟು. ‘ತಿಂದಿದ್ದೇನೆ’ ಎಂಬ ಅರ್ಥವನ್ನು ಇಂಗ್ಲಿಷ್, ಜರ್ಮನ್, ಫ್ರೆಂಚ್ ಮೂರೂ ‘ಉಳ್ಳವನಾಗು’ ಎಂಬ ಅರ್ಥದ ಸಹಾಯಕ ಕ್ರಿಯಾಪದದಿಂದ ಹೇಳುತ್ತವೆ. ಎರಡು ಶಾಖೆಗಳ ನೆರೆಹೊರೆಯ ಭಾಷೆಗಳು ಈ ರಚನೆಯಲ್ಲಿ ಒಂದಾಗಿವೆ. ನಮ್ಮ ನಾಡಿನಲ್ಲಿ ಉರ್ದು ಮಾತಾಡುವವರು ‘ಬರುತ್ತೇನೆ ಎಂದು ಹೇಳಿದನು’ ಎಂಬಲ್ಲಿ ‘ಎಂದು’ ಎಂಬುದಕ್ಕೆ ‘ಬೋಲ್‌ಕೆ’ ಎನ್ನುತ್ತಾರೆ. ‘ಬೋಲ್‌ಕೆ’ ಎಂದರೆ ‘ಹೇಳಿ’. ಕನ್ನಡದ ‘ಎಂದು’ ಎಂಬುದೂ ‘ಎನ್’ ಧಾತುವಿನಿಂದ ಬಂದುದೇ. ಪದ ಉರ್ದುವಿನದು, ರಚನೆ ದ್ರಾವಿಡದ್ದು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳು ಹೀಗೆ ಪರಸ್ಪರ ಹತ್ತಿರವಾದುದನ್ನು ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು ೧೯೭೧ರಲ್ಲಿ ವಿವರಿಸಿದರು. ಅಲ್ಲಿ ಪದಗಳು ಬೇರೆಯಾಗಿಯೇ ಉಳಿದು ವಾಕ್ಯದ ಕಟ್ಟು ಒಂದೇ ಆಗಿತ್ತು. ಆದ್ದರಿಂದಲೇ ವಿದ್ವಾಂಸರು ಒಂದು ಲಕ್ಷಣವನ್ನು ಮಾತ್ರ ನೋಡಿ ತೀರ್ಮಾನಿಸದೆ ಧ್ವನಿನಿಯಮ, ಪ್ರತ್ಯಯ, ಸರ್ವನಾಮ, ಸಂಖ್ಯಾವಾಚಕಗಳನ್ನು ಒಟ್ಟಾಗಿ ಪರೀಕ್ಷಿಸುತ್ತಾರೆ.

ಭಾಷೆಗಳನ್ನು ಹೋಲಿಸುವುದು ಮೇಲುಕೀಳುಗಳನ್ನು ಎಣಿಸುವುದಕ್ಕಾಗಿ ಅಲ್ಲ. ಲ್ಯಾಟಿನ್ ಪದಗಳನ್ನು ತೆಗೆದುಕೊಂಡುದರಿಂದ ಇಂಗ್ಲಿಷ್ ಬಡವಾಗಲಿಲ್ಲ. ಸಂಸ್ಕೃತ, ಪಾರಸಿ, ಇಂಗ್ಲಿಷ್ ಪದಗಳನ್ನು ತೆಗೆದುಕೊಂಡುದರಿಂದ ಕನ್ನಡವೂ ತನ್ನತನವನ್ನು ಕಳೆದುಕೊಳ್ಳಲಿಲ್ಲ. ಹೊರಗಿನಿಂದ ಬಂದ ಪದಕ್ಕೆ ತನ್ನ ಪ್ರತ್ಯಯವನ್ನು ತೊಡಿಸಿ ತನ್ನ ವಾಕ್ಯದಲ್ಲಿ ನಿಲ್ಲಿಸಿಕೊಳ್ಳುವ ಶಕ್ತಿ ಇರುವವರೆಗೆ ಭಾಷೆ ಜೀವಂತವಾಗಿರುತ್ತದೆ. ಆ ಶಕ್ತಿ ವಿದ್ವಾಂಸರ ಗ್ರಂಥಗಳಲ್ಲಿರುವಂತೆಯೇ ಗದ್ದೆಯಲ್ಲಿ, ಆಲೆಮನೆಯಲ್ಲಿ, ಸಂತೆಯಲ್ಲಿ ನಡೆಯುವ ಮಾತಿನಲ್ಲಿಯೂ ಇದೆ. ಅದನ್ನು ಗಮನವಿಟ್ಟು ಕೇಳುವುದೇ ವ್ಯಾಕರಣದ ಅಭ್ಯಾಸಕ್ಕೆ ಮೊದಲ ಮೆಟ್ಟಿಲು.

ಅಭ್ಯಾಸ

೧. ‘ಸಕ್ಕರೆ’ ಎಂಬ ಪದವು ಯಾವ ಯಾವ ಭಾಷೆಗಳಲ್ಲಿ ಯಾವ ರೂಪಗಳನ್ನು ತಾಳಿದೆ? ಇದರಿಂದ ಆ ಭಾಷೆಗಳು ಒಂದೇ ವಂಶದವೆಂದು ಏಕೆ ಹೇಳಲಾಗದು?
೨. ಜರ್ಮಾನಿಕ್ ಮತ್ತು ರೊಮಾನ್ಸ್ ಭಾಷೆಗಳಿಗೆ ಇರುವ ಮೂರು ವ್ಯತ್ಯಾಸಗಳನ್ನು ಉದಾಹರಣೆಸಹಿತ ವಿವರಿಸಿರಿ.
೩. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ ಎಂಬ ಮಾತನ್ನು ಸಮರ್ಥಿಸಿರಿ.
೪. ಇಂಗ್ಲಿಷಿಗೂ ಕನ್ನಡಕ್ಕೂ ಎರವಲು ಪದಗಳ ವಿಷಯದಲ್ಲಿ ಇರುವ ಸಾಮ್ಯವೇನು?
೫. ಹಳಗನ್ನಡದಲ್ಲಿ ‘ಪ’ಕಾರವಿದ್ದು ಹೊಸಗನ್ನಡದಲ್ಲಿ ‘ಹ’ಕಾರವಾಗಿರುವ ಹತ್ತು ಪದಗಳನ್ನು ಪಟ್ಟಿಮಾಡಿರಿ.
೬. ನಿಮ್ಮ ಊರಿನ ಹಿರಿಯರ ಮಾತನ್ನು ಕೇಳಿ, ಗ್ರಂಥಭಾಷೆಗಿಂತ ಬೇರೆಯಾದ ಐದು ಕ್ರಿಯಾರೂಪಗಳನ್ನು ಬರೆದುಕೊಂಡು, ಅವುಗಳಲ್ಲಿ ಕಾಣುವ ನಿಯಮವನ್ನು ಗುರುತಿಸಿರಿ.